ಸಂದು

ಹೊಸದಾಗಿ ಹಲಗೆ ಹಾಸಿದ ಕೋಣೆಯನ್ನು ತೋರಿಸಿದರೆ ನೋಡಬಂದವರೆಲ್ಲರ ದೃಷ್ಟಿಯೂ ಮೊದಲು ಅದರ ನಡುಭಾಗದ ಮೇಲೆ ಬೀಳುತ್ತದೆ. ಮರದ ಬಣ್ಣವೆಂಥದು, ಎಳೆಗಳ ಓಟವೆಂಥದು, ಬರಿಗಾಲಿಟ್ಟರೆ ಎಷ್ಟು ನುಣುಪು ಎಂದು ಮೆಚ್ಚಿ ನುಡಿದು ಅವರು ಕೆಳಗಿಳಿದು ಹೋಗುತ್ತಾರೆ. ಬಂದವನು ಬಡಗಿಯಾದರೆ ನಡುವಿನಲ್ಲಿ ನಿಲ್ಲುವುದಿಲ್ಲ. ನೇರವಾಗಿ ಗೋಡೆಯ ಬುಡಕ್ಕೆ ಹೋಗಿ, ಕುಕ್ಕರುಗಾಲಿನಲ್ಲಿ ಕುಳಿತು, ಹಲಗೆ ಮುಗಿದು ಗೋಡೆ ಮೊದಲಾಗುವ ಆ ಗೆರೆಯ ಮೇಲೆ ಬೆರಳಾಡಿಸಿ ನೋಡುತ್ತಾನೆ. ನಡುವನ್ನು ಯಾರಾದರೂ ಚೆನ್ನಾಗಿ ಹಾಸಿಯಾರು. ಕೆಲಸಗಾರನ ಪರೀಕ್ಷೆಯಾಗುವುದು ಅಂಚಿನಲ್ಲಿ ಎಂಬುದು ಅವನಿಗೆ ಗೊತ್ತು. ನನಗೆ ಈ ಸಂಗತಿ ತಿಳಿದದ್ದು ವಯಸ್ಸು ಐವತ್ತರ ಹತ್ತಿರ ಬಂದ ಮೇಲೆ. ಅದೂ ಒಂದು ದೊಡ್ಡ ತಪ್ಪನ್ನು ಮಾಡಿದ ಮೇಲೆ.

ಈ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಹೇಳಿದಾಗ ಛಂದಸ್ಸನ್ನೋ ವ್ಯಾಕರಣವನ್ನೋ ಕುರಿತು ಬರೆದೇನೆಂದು ಅವರು ಎಣಿಸಿರಬೇಕು. ಇಷ್ಟು ವರ್ಷ ಅದನ್ನೇ ಪಾಠ ಹೇಳಿಕೊಂಡು ಬಂದವನಿಂದ ಮತ್ತೇನನ್ನು ನಿರೀಕ್ಷಿಸಲಾದೀತು? ಆದರೆ ಈ ಸಲ ಮರದ ನೆಲವೊಂದರ ವೃತ್ತಾಂತವನ್ನು ಹೇಳಬಯಸುತ್ತೇನೆ. ವಾಚಕರು ತುಸು ತಾಳ್ಮೆಯಿಂದ ಓದಿದರೆ ವ್ಯಾಕರಣವೂ ತಾನಾಗಿಯೇ ಬಂದೀತು.

ನಮ್ಮದು ಸಾಗರ ಸೀಮೆಯ ಒಂದು ಹಳ್ಳಿ. ಮನೆ ಅಜ್ಜನ ಕಾಲದ್ದು. ಮಣ್ಣಿನ ದಪ್ಪ ಗೋಡೆ, ಹೆಂಚಿನ ಮಾಡು, ಮೇಲೆ ಒಂದು ಮಹಡಿಯ ಕೋಣೆ. ಅದರ ಹಳೆಯ ಹಲಗೆಗಳನ್ನು ಗೆದ್ದಲು ತಿಂದು, ಕಾಲಿಟ್ಟ ಕಡೆ ಹಿಟ್ಟಿನಂತೆ ಕುಸಿಯುತ್ತಿದ್ದುದರಿಂದ ಬಹುಕಾಲ ಆ ಕೋಣೆಯ ಬಾಗಿಲನ್ನೇ ತೆರೆದಿರಲಿಲ್ಲ. ಹೀಗಿರಲಾಗಿ, ನನಗೆ ವ್ಯಾಕರಣ ಪಾಠ ಹೇಳಿದ ಗುರುಗಳು ತೀರಿಕೊಂಡ ತರುವಾಯ ಅವರ ಮನೆಯವರು ಗುರುಗಳ ಪುಸ್ತಕಗಳನ್ನೂ ಕೆಲವು ತಾಡವೋಲೆಯ ಕಟ್ಟುಗಳನ್ನೂ ನನಗೆ ಒಪ್ಪಿಸಿದರು. ಅವನ್ನು ಇಡಲು ತೇವವಿಲ್ಲದ ಸ್ಥಳ ಬೇಕಾಯಿತು. ಮಹಡಿಯನ್ನು ಸರಿಪಡಿಸದೆ ಬೇರೆ ಗತಿಯಿರಲಿಲ್ಲ. ಕಾಂಕ್ರೀಟು ಹಾಕಿಸಿರೆಂದು ಹೇಳಿದವರು ಹಲವರು. ಆದರೆ ಹಳೆಯ ಮಣ್ಣಿನ ಗೋಡೆಗೆ ಆ ಭಾರವನ್ನು ಹೊರುವ ಶಕ್ತಿಯಿರಲಿಲ್ಲ. ಮರವೇ ಆಗಲಿ ಎಂದು ನಿಶ್ಚಯಿಸಿದೆವು.

ನಮ್ಮ ಊರಿನ ಬಡಗಿಯವರನ್ನು ಎಲ್ಲರೂ ಆಚಾರ್ರೆಂದೇ ಕರೆಯುತ್ತಾರೆ. ಆಗಲೇ ಅವರಿಗೆ ಎಪ್ಪತ್ತರ ಪ್ರಾಯ. ನಾನು ಅಕ್ಷರಾಭ್ಯಾಸಕ್ಕೆ ಕುಳಿತ ಮಣೆಯನ್ನು ಮಾಡಿಕೊಟ್ಟವರೂ ಅವರೇ. ತೇಗದ ಹಲಗೆಗಳನ್ನು ಕೊಯ್ಯಿಸಿ ತಂದ ಮೇಲೆ ಅವರು ಅವನ್ನು ಒಂದು ವರ್ಷ ಮುಟ್ಟಗೊಡಲಿಲ್ಲ. ಕೊಟ್ಟಿಗೆಯ ಅಟ್ಟದಲ್ಲಿ, ಹಲಗೆ ಹಲಗೆಗೂ ನಡುವೆ ರೀಪಿನ ತುಂಡುಗಳನ್ನಿಟ್ಟು, ಗಾಳಿಯಾಡುವಂತೆ ಪೇರಿಸಿಟ್ಟರು. ಅಂಗುಲ ದಪ್ಪದ ಹಲಗೆ ಗಾಳಿಯಲ್ಲಿ ಒಣಗಲು ಒಂದು ವರ್ಷ ಬೇಕೆಂಬುದು ಅವರ ಲೆಕ್ಕ. ಆಮೇಲೆ ೨೦೧೮ನೆಯ ಇಸವಿಯ ಬೇಸಿಗೆಯ ಮೊದಲಲ್ಲಿ ಕೆಲಸ ಹಿಡಿದರು. ಕೋಣೆಯ ಅಗಲ ೧೦ ಅಡಿ, ಉದ್ದ ೧೬ ಅಡಿ. ತೊಲೆಗಳು ಅಗಲಕ್ಕೆ ಅಡ್ಡಲಾಗಿದ್ದವು. ಅವುಗಳ ಮೇಲೆ ಉದ್ದಕ್ಕೆ, ೫ ಅಂಗುಲ ಅಗಲದ ಹಲಗೆಗಳ ೨೪ ಸಾಲು. ಒಂದರ ಅಂಚಿನ ನಾಲಿಗೆ ಮತ್ತೊಂದರ ಅಂಚಿನ ತೋಡಿನೊಳಗೆ ಕೂರುವಂತೆ ಕೀಸಿ, ಮೊಳೆಯ ತಲೆ ಕಾಣದ ಹಾಗೆ ನಾಲಿಗೆಯ ಬುಡದಲ್ಲಿ ಓರೆಯಾಗಿ ಹೊಡೆದು ಬಿಗಿಯುತ್ತ ಬಂದರು. ಇಪ್ಪತ್ತಮೂರು ಸಾಲುಗಳು ಹತ್ತು ದಿವಸದಲ್ಲಿ ಮುಗಿದವು. ಇಪ್ಪತ್ತನಾಲ್ಕನೆಯದೊಂದಕ್ಕೇ ಎರಡು ದಿವಸ ಹಿಡಿಯಿತು.

ಏಕೆಂದರೆ ಮಣ್ಣುಗೋಡೆ ನೆಟ್ಟಗಿರುವುದಿಲ್ಲ. ಕಣ್ಣಿಗೆ ನೇರವಾಗಿ ಕಂಡರೂ ಒಂದೆಡೆ ಹೊಟ್ಟೆ ಬಿಟ್ಟು, ಇನ್ನೊಂದೆಡೆ ಒಳಸರಿದು ಹಾವಿನ ಹಾಗೆ ಓಡುತ್ತದೆ. ಕೊನೆಯ ಹಲಗೆಯನ್ನು ಆ ಡೊಂಕಿಗೆ ಸರಿಯಾಗಿ ಸೀಳಬೇಕು. ಆಚಾರ್ರು ಹಲಗೆಯನ್ನು ಅದರ ಹಿಂದಿನ ಸಾಲಿಗೆ ಸಮನಾಗಿ ಮೇಲಿಟ್ಟರು. ಒಂದು ಸಣ್ಣ ಮರದ ತುಂಡನ್ನು ಬೇಕಾದ ಅಗಲಕ್ಕೆ ಕೆತ್ತಿಕೊಂಡು, ಅದರ ಒಂದು ಮೈಯನ್ನು ಗೋಡೆಗೆ ಒತ್ತಿ, ಇನ್ನೊಂದು ಮೈಗೆ ಪೆನ್ಸಿಲನ್ನು ತಾಗಿಸಿ, ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ಮೆಲ್ಲನೆ ಜಾರಿಸಿಕೊಂಡು ಹೋದರು. ಗೋಡೆ ಹೇಗೆ ಹೇಗೆ ಬಳುಕಿತ್ತೋ ಹಾಗೆ ಹಾಗೆಯೇ ಹಲಗೆಯ ಮೇಲೆ ಗೆರೆ ಬಳುಕಿತು. ಆ ಗೆರೆಯ ಗುಂಟ ಗರಗಸ ಹಿಡಿದು ಕೊಯ್ದು, ಉಳಿಯಿಂದ ಸವರಿ ಕೂರಿಸಿದಾಗ ಹಲಗೆಗೂ ಗೋಡೆಗೂ ನಡುವೆ ಉದ್ದಕ್ಕೂ ಒಂದೇ ಅಳತೆಯ ಸಂದು ಉಳಿಯಿತು. ಅರ್ಧ ಅಂಗುಲ. ಎದುರು ಗೋಡೆಯ ಕಡೆಯೂ ಅಷ್ಟೇ ಬಿಟ್ಟಿದ್ದರು. ಹಲಗೆಗಳ ತಲೆ ಬರುವ ಉಳಿದೆರಡು ಗೋಡೆಗಳಲ್ಲಿ ಕಾಲಂಗುಲ. ನಡುವಿನ ಕಂಬದ ಸುತ್ತಲೂ ಹಾಗೆಯೇ.

"ಇಷ್ಟು ಕಷ್ಟಪಟ್ಟು ಗೋಡೆಯ ರೂಪವನ್ನೇ ಇಳಿಸಿದಿರಿ, ಮತ್ತೆ ಅದಕ್ಕೆ ತಾಗಿಸದೆ ಬಿಟ್ಟಿರೇಕೆ ಆಚಾರ್ರೇ?" ಎಂದು ಕೇಳಿದೆ.

"ಅದು ಮಳೆಗಾಲದ ಪಾಲು ಮೇಷ್ಟ್ರೇ," ಎಂದರು. "ಮರ ಸತ್ತುಹೋಗಿದೆ ಅಂತ ನಾವು ತಿಳ್ಕೋತೀವಿ. ನೀರಿನ ವಾಸನೆ ಬಂದ್ರೆ ಅದಕ್ಕೆ ಎಲ್ಲಾ ನೆನಪಾಗ್ತದೆ."

ಮಾತು ಚೆನ್ನಾಗಿದೆಯೆಂದು ನಕ್ಕೆನೇ ಹೊರತು ಅದರ ಅರ್ಥವನ್ನು ಗ್ರಹಿಸಲಿಲ್ಲ. ಪಂಡಿತನಿಗೆ ಇದೊಂದು ದೋಷ: ಮಾತು ಸೊಗಸಾಗಿದ್ದರೆ ಅದನ್ನು ಅಲಂಕಾರವೆಂದೇ ತಿಳಿದುಬಿಡುತ್ತಾನೆ. ಅವರು ಹೇಳಿದ್ದು ಅಲಂಕಾರವಾಗಿರಲಿಲ್ಲ, ಅಳತೆಯಾಗಿತ್ತು. ಅಷ್ಟರಲ್ಲಿ ಅವರಿಗೆ ಮಗಳ ಬಾಣಂತನದ ನಿಮಿತ್ತ ಬೇರೆ ಊರಿಗೆ ಹೋಗಬೇಕಾಗಿ ಬಂತು. "ಅಂಚಿನ ಪಟ್ಟಿ ನಾನು ಬಂದ ಮೇಲೆ ಹೊಡೀತೀನಿ. ಅಲ್ಲೀವರೆಗೆ ಸಂದಿಗೆ ಏನೂ ತುಂಬಬೇಡಿ" ಎಂದು ಹೇಳಿ ಹೊರಟರು. ಎಣ್ಣೆ ಹಚ್ಚುವ ಚಿಲ್ಲರೆ ಕೆಲಸವನ್ನು ಅವರ ಮೊಮ್ಮಗ ನೋಡಿಕೊಳ್ಳುತ್ತಿದ್ದ. ಆ ಹುಡುಗ ನಮ್ಮ ಶಾಲೆಯವನೇ, ಒಂಬತ್ತನೆಯ ತರಗತಿ ಮುಗಿಸಿ ರಜೆಯಲ್ಲಿದ್ದ, ನನ್ನ ವಿದ್ಯಾರ್ಥಿ.

ಚೈತ್ರದ ಕೊನೆಯಲ್ಲಿ ಗುರುಗಳ ಪುಸ್ತಕಗಳನ್ನು ಮಹಡಿಗೆ ಏರಿಸಿದೆ. ಅದನ್ನು ನೋಡಲು ದೂರದ ಊರಿನಿಂದ ವಿದ್ವಾಂಸರೊಬ್ಬರು ಬಂದಿದ್ದರು. ಗುರುಗಳ ಬಳಿ ನನಗಿಂತ ಮೊದಲು ಓದಿದವರು. ಅವರು ಕೋಣೆಯನ್ನೆಲ್ಲ ನೋಡಿ ಮೆಚ್ಚಿ, ಕೊನೆಗೆ ಗೋಡೆಯ ಬುಡವನ್ನು ನೋಡಿ, "ಏನು ಪಂಡಿತರೇ, ನಿಮ್ಮ ಬಡಗಿ ಅಳತೆ ತಪ್ಪಿದನೇ?" ಎಂದು ನಕ್ಕರು.

ಆಚಾರ್ರು ಹೇಳಿದ ಕಾರಣವನ್ನು ಅವರಿಗೆ ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಹಿರಿಯ ಸಹಪಾಠಿಯ ನಗೆಯ ಮುಂದೆ ನನಗೆ ಕಾರಣ ಹೊಳೆಯಲಿಲ್ಲ, ಅಭಿಮಾನ ಮಾತ್ರ ಹೊಳೆಯಿತು. "ಹೌದು, ವಯಸ್ಸಾಯಿತು ನೋಡಿ, ಕಣ್ಣು ಮಂದವಾಗಿದೆ. ಅಳತೆ ತಪ್ಪಿದ್ದಾರೆ, ಸರಿಪಡಿಸಬೇಕು" ಎಂದುಬಿಟ್ಟೆ. ಮೆಟ್ಟಿಲ ಬಳಿ ಎಣ್ಣೆಯ ಬಟ್ಟೆ ಹಿಡಿದು ಕುಳಿತಿದ್ದ ಹುಡುಗ ಒಮ್ಮೆ ತಲೆಯೆತ್ತಿ ನೋಡಿ ಮತ್ತೆ ಕೆಲಸಕ್ಕೆ ಬಗ್ಗಿದ. ಅದನ್ನು ಕಂಡೂ ಕಾಣದವನಂತಿದ್ದೆ.

ಆಡಿದ ಮಾತಿಗೆ ತಕ್ಕ ಹಾಗೆ ನಡೆಯಬೇಕಲ್ಲವೇ? ಮರುದಿನವೇ ಗಾರೆಯವನನ್ನು ಕರೆಸಿ ಸಂದನ್ನೆಲ್ಲ ಸಿಮೆಂಟು ಮರಳಿನಿಂದ ತುಂಬಿಸಿದೆ. ಅವನು ಕರಣೆಯಿಂದ ನುಣ್ಣಗೆ ತೀಡಿ, ಹಲಗೆಗೂ ಗೋಡೆಗೂ ಎಳೆದಂತೆ ಒಂದು ಬೂದು ಬಣ್ಣದ ಅಂಚು ಕಟ್ಟಿಕೊಟ್ಟ. ಇರುವೆ ಹರಿಯಲು ಎಡೆಯಿಲ್ಲ, ಕಸ ನಿಲ್ಲಲು ಸ್ಥಳವಿಲ್ಲ. ಈಗ ಕೆಲಸ ಮುಗಿಯಿತು ಎಂದುಕೊಂಡೆ. ಆಚಾರ್ರು ವೈಶಾಖದಲ್ಲಿ ಊರಿಗೆ ಮರಳಿದರೆಂದು ತಿಳಿಯಿತು. ನಮ್ಮ ಮನೆಯ ಕಡೆ ಬರಲಿಲ್ಲ. ಉಳಿದ ಕೂಲಿಯನ್ನೂ ಕೇಳಿ ಕಳುಹಿಸಲಿಲ್ಲ. ಶಾಲೆ ತೆರೆದ ಮೇಲೆ ಹುಡುಗ ಹಿಂದಿನಂತೆ ಮುಂದಿನ ಬೆಂಚಿನಲ್ಲಿ ಕೂರಲಿಲ್ಲ.

೨೦೧೮ರ ಮಳೆಯನ್ನು ಮಲೆನಾಡಿನವರು ಮರೆತಿರಲಾರರು. ಆ ವರ್ಷದ ಆಗಸ್ಟ್ ತಿಂಗಳಲ್ಲೇ ಕೊಡಗಿನಲ್ಲಿ ಗುಡ್ಡಗಳು ಕುಸಿದು ಊರುಗಳು ಹೂತುಹೋದವು. ನಮ್ಮಲ್ಲಿ ಅಂಥ ಅನಾಹುತವೇನೂ ಆಗಲಿಲ್ಲ. ಆದರೆ ಆರಿದ್ರೆಯಿಂದ ಹಿಡಿದ ಮಳೆ ಬಿಡಲೇ ಇಲ್ಲ. ಹಗ್ಗದ ಮೇಲಿನ ಬಟ್ಟೆ ವಾರವಾದರೂ ಒಣಗದು, ಉಪ್ಪಿನ ಭರಣಿಯಲ್ಲಿ ನೀರೂರಿತು, ಪುಸ್ತಕದ ಹಾಳೆಗಳು ಮೆತ್ತಗಾದವು. ಒಂದು ರಾತ್ರಿ ಮಹಡಿಯಲ್ಲಿ ಯಾರೋ ಬೆರಳು ಮುರಿದಂತೆ ಟಕ್ ಎಂದು ಸದ್ದಾಯಿತು. ಇಲಿಯಿರಬೇಕೆಂದು ಸುಮ್ಮನಾದೆ. ಪುನರ್ವಸು ಮಳೆಯಲ್ಲಿ ಸದ್ದು ಹೆಚ್ಚಿತು. ಪುಷ್ಯದ ಹೊತ್ತಿಗೆ ಒಂದು ಬೆಳಗ್ಗೆ ಮೇಲೆ ಹೋದರೆ ಬಾಗಿಲು ತೆರೆಯಲಿಲ್ಲ. ಹೆಗಲು ಕೊಟ್ಟು ನೂಕಿ ನಾಲ್ಕು ಬೆರಳು ಸಂದು ಮಾಡಿ ಇಣುಕಿದೆ. ನೆಲ ನಡುವಿನಲ್ಲಿ ಆಮೆಯ ಬೆನ್ನಿನಂತೆ ಮೇಲೆದ್ದಿತ್ತು. ತೊಲೆಯಿಂದ ಮೊಳೆಗಳು ಕಿತ್ತುಬಂದಿದ್ದವು. ಎರಡು ಹಲಗೆಗಳು ನಾಲಿಗೆಯ ಬುಡದಲ್ಲಿ ಸೀಳಿದ್ದವು. ಗುರುಗಳ ಪುಸ್ತಕದ ಬೀರು ಹಿಂದಕ್ಕೆ ವಾಲಿ ಗೋಡೆಗೆ ಒರಗಿತ್ತು. ಸ್ವಲ್ಪದರಲ್ಲಿ ಉಳಿಯಿತು, ಮುಂದಕ್ಕೆ ವಾಲಿದ್ದರೆ ಏನಾಗುತ್ತಿತ್ತೆಂದು ನೆನೆದರೆ ಈಗಲೂ ಎದೆ ನಡುಗುತ್ತದೆ. ನನ್ನ ಬಾಯಿಂದ "ಅಯ್ಯೋ, ಇದೇನು!" ಎಂಬ ಮಾತೊಂದೇ ಹೊರಟಿತು.

ನಮ್ಮ ಶಾಲೆಯ ವಿಜ್ಞಾನದ ಮಿತ್ರರನ್ನು ಕರೆತಂದು ತೋರಿಸಿದೆ. ಅವರು ನೋಡಿ ಕಾಗದ ಪೆನ್ಸಿಲು ಕೇಳಿ ಕುಳಿತರು. ಅವರು ವಿವರಿಸಿದ್ದನ್ನು ನನಗೆ ತಿಳಿದ ಮಟ್ಟಿಗೆ ಇಲ್ಲಿ ಹೇಳುತ್ತೇನೆ; ಮನೆ ಕಟ್ಟುವ ವಾಚಕರಿಗೆ ಉಪಯೋಗವಾದೀತು. ಮರವೆಂಬುದು ಅತಿ ಸೂಕ್ಷ್ಮವಾದ ಕೊಳವೆಗಳ ಒಂದು ಕಟ್ಟು. ಗಾಳಿಯಲ್ಲಿ ತೇವ ಹೆಚ್ಚಿದಾಗ ಆ ಕೊಳವೆಗಳ ಗೋಡೆಗಳು ನೀರನ್ನು ಹೀರಿ ದಪ್ಪವಾಗುತ್ತವೆ. ಉದ್ದವಾಗುವುದು ಇಲ್ಲವೆನ್ನುವಷ್ಟು ಕಡಮೆ. ಆದ್ದರಿಂದ ಹಲಗೆ ಅಡ್ಡಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ಹಿಗ್ಗದು. ಬಿಸಿಲಿಗೆ ಹಿಗ್ಗುವುದು ಕಬ್ಬಿಣ, ಮಳೆಗೆ ಹಿಗ್ಗುವುದು ಮರ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡ ೬೫ ಇದ್ದಾಗ ಮರದಲ್ಲಿ ಅದರ ಒಣ ತೂಕದ ಸುಮಾರು ಶೇಕಡ ೧೨ರಷ್ಟು ನೀರು ನಿಲ್ಲುತ್ತದೆ. ಆರ್ದ್ರತೆ ೯೦ಕ್ಕೇರಿ ಹಾಗೆಯೇ ನಿಂತರೆ ಅದು ಸುಮಾರು ಶೇಕಡ ೨೦ರವರೆಗೆ ಹೋಗುತ್ತದೆ. ಮರಗಳಲ್ಲೆಲ್ಲ ತೇಗ ಬಹು ಸಂಯಮಿ. ಹಸಿಯಿಂದ ಪೂರ್ಣ ಒಣಗುವವರೆಗೆ ಅದು ಬಳೆಗಳ ದಿಕ್ಕಿನಲ್ಲಿ ಕುಗ್ಗುವುದು ಶೇಕಡ ೬ರ ಒಳಗೆ. ತಿರುಳಿನಿಂದ ತೊಗಟೆಯ ದಿಕ್ಕಿಗೆ ಅದರ ಅರ್ಧಕ್ಕೂ ಕಡಮೆ. ಅಂಥ ತೇಗದಲ್ಲೂ ನೀರಿನ ಪ್ರಮಾಣ ಶೇಕಡ ೪ರಷ್ಟು ಏರಿದರೆ, ಬಳೆಗಳ ದಿಕ್ಕಿಗೆ ಕೊಯ್ದ ೫ ಅಂಗುಲದ ಹಲಗೆ ಹೆಚ್ಚುಕಡಮೆ ಒಂದು ಮಿಲಿಮೀಟರಿನಷ್ಟು ಅಗಲವಾಗುತ್ತದೆ.

"ಒಂದು ಮಿಲಿಮೀಟರು ಏನು ಮಹಾ!" ಎಂದೆ.

"ನಿಮ್ಮಲ್ಲಿ ಇಪ್ಪತ್ತನಾಲ್ಕು ಸಾಲುಗಳಿವೆ," ಎಂದರು ಮಿತ್ರರು. "ಇಪ್ಪತ್ತನಾಲ್ಕು ಮಿಲಿಮೀಟರೆಂದರೆ ಸುಮಾರು ಒಂದು ಅಂಗುಲ. ಈ ಗೋಡೆಯ ಬಳಿ ಅರ್ಧ, ಆ ಗೋಡೆಯ ಬಳಿ ಅರ್ಧ."

ಕಾಗದವನ್ನು ನೋಡುತ್ತ ಸ್ವಲ್ಪ ಹೊತ್ತು ಮಾತಾಡದೆ ಕುಳಿತೆ. ಆಚಾರ್ರು ಕಾಗದ ಹಿಡಿದಿರಲಿಲ್ಲ. ಕೆತ್ತಿಕೊಂಡ ಆ ಮರದ ತುಂಡಿನಿಂದ ಅವರು ಅಳೆದು ಬಿಟ್ಟ ಸಂದು ಅರ್ಧ ಅಂಗುಲವೇ ಆಗಿತ್ತು. ಮಿತ್ರರು ಇನ್ನೂ ಒಂದು ಲೆಕ್ಕ ಹೇಳಿದರು. ೧೦ ಅಡಿ ಅಂತರದ ಎರಡು ಗೋಡೆಗಳ ನಡುವೆ, ಅದಕ್ಕಿಂತ ಕಾಲಂಗುಲ ಮಾತ್ರ ಹೆಚ್ಚಿರುವ ಪಟ್ಟಿಯನ್ನು ಒತ್ತಿ ಕೂರಿಸಿದರೆ ಅದು ನಡುವಿನಲ್ಲಿ ಮೂರು ಅಂಗುಲಕ್ಕೂ ಮೇಲೆ ಬಾಗಿ ಏಳುತ್ತದೆ. ಅಂಚಿನಲ್ಲಿ ಕೊಡದಿದ್ದ ಕಾಲಂಗುಲವನ್ನು ನೆಲವು ನಡುವಿನಲ್ಲಿ ಹನ್ನೆರಡು ಪಾಲು ಮಾಡಿ ವಸೂಲು ಮಾಡಿಕೊಂಡಿತ್ತು.

ಅದೇ ಸಂಜೆ ಕೊಡೆ ಹಿಡಿದು ಆಚಾರ್ರ ಮನೆಗೆ ಹೋದೆ. ಅವರು ಜಗಲಿಯಲ್ಲಿ ಕುಳಿತು ನೇಗಿಲಿನ ಈಸನ್ನು ಕೆತ್ತುತ್ತಿದ್ದರು. ನನ್ನನ್ನು ಕಂಡು ಎದ್ದು ಚಾಪೆ ಹಾಸಿದರು. ನೆಲ ಎದ್ದ ಸಂಗತಿಯನ್ನು ಹೇಳಿದೆ. ಅವರು ಆಶ್ಚರ್ಯಪಡಲೂ ಇಲ್ಲ, ನಾನು ಅಂದಿರಲಿಲ್ಲವೇ ಎನ್ನಲೂ ಇಲ್ಲ. "ಮೊದ್ಲು ಎದ್ದದ್ದು ಯಾವ ಕಡೆ? ಪಡುಗೋಡೆ ಕಡೇನಾ?" ಎಂದು ಮಾತ್ರ ಕೇಳಿದರು. ಹೌದೆಂದೆ, ಮಳೆ ಹೊಡೆಯುವುದು ಆ ಕಡೆಯಿಂದಲೇ. ತರುವಾಯ ನಾನು, "ಆಚಾರ್ರೇ, ತಪ್ಪು ನನ್ನದು. ನೀವು ಬೇಡವೆಂದಿದ್ದರೂ ಸಂದಿಗೆ ಸಿಮೆಂಟು ತುಂಬಿಸಿದೆ. ಕ್ಷಮಿಸಬೇಕು" ಎಂದೆ.

ಅವರು ಬಾಚಿಯನ್ನು ಕೆಳಗಿಟ್ಟರು. "ಸಿಮೆಂಟು ತುಂಬಿಸಿದ್ದಕ್ಕೆ ನಂಗೇನೂ ಇಲ್ಲ ಮೇಷ್ಟ್ರೇ. ಅದನ್ನ ಕಿತ್ತು ತೆಗೀಬಹುದು. ಆದ್ರೆ ಹುಡುಗ ಆವತ್ತು ಮನೆಗೆ ಬಂದು, ನಾನು ಊರಿಂದ ಬಂದ್ಮೇಲೆ ಕೇಳಿದ, ಅಜ್ಜ, ನಿಂಗೆ ಕಣ್ಣು ಕಾಣಲ್ವಾ ಅಂತ. ಯಾಕೋ ಅಂದ್ರೆ, ಮೇಷ್ಟ್ರು ಹೇಳಿದ್ರು ಅಂದ. ನೀವು ಅವನಿಗೆ ಪಾಠ ಹೇಳೋರು. ನಾನು ಅಲ್ಲ ಅಂತ ಹೆಂಗೆ ಹೇಳ್ಲಿ?"

ನನ್ನ ಜೀವಮಾನದಲ್ಲಿ ಅನೇಕ ಸಭೆಗಳಲ್ಲಿ ಮಾತಾಡಿದ್ದೇನೆ. ವಾದಗಳಲ್ಲಿ ಉತ್ತರ ಕೊಟ್ಟಿದ್ದೇನೆ. ಆ ಜಗಲಿಯ ಮೇಲೆ ನನಗೆ ಉತ್ತರವಿರಲಿಲ್ಲ. ಐವತ್ತು ವರ್ಷ ಮರವನ್ನು ನೋಡಿದ ಕಣ್ಣನ್ನು, ಒಬ್ಬ ಅತಿಥಿಯ ಎದುರಿನ ಸಣ್ಣ ಮುಜುಗರವನ್ನು ಕಳೆಯಲು, ಕುರುಡೆಂದು ಹೇಳಿಬಿಟ್ಟಿದ್ದೆ. ಆ ಸುಳ್ಳನ್ನು ಹುಡುಗ ನಂಬಿದ್ದ. ನಂಬಿದ್ದು ಅದು ಗುರುವಿನ ಬಾಯಿಂದ ಬಂತೆಂಬ ಕಾರಣಕ್ಕೆ. ಹುಡುಗನನ್ನು ಕರೆಯಿರೆಂದೆ. ಅವನು ಬಾಗಿಲ ಮರೆಯಲ್ಲಿಯೇ ಇದ್ದ. "ನಿಮ್ಮ ಅಜ್ಜ ಅಳತೆ ತಪ್ಪಲಿಲ್ಲ. ತಪ್ಪಿದವನು ನಾನು. ಗೊತ್ತಿದ್ದೂ ಸುಳ್ಳು ಹೇಳಿದೆ. ಅವರ ಅರ್ಧ ಅಂಗುಲ ಸರಿಯಾಗಿತ್ತು ಎಂಬುದನ್ನು ಲೆಕ್ಕ ಹಾಕಿ ತೋರಿಸುತ್ತೇನೆ, ನಾಳೆ ಮನೆಗೆ ಬಾ" ಎಂದೆ. ಆ ಹಿರಿಯ ಸಹಪಾಠಿಗಳಿಗೂ ರಾತ್ರಿಯೇ ಕಾಗದ ಬರೆದು ನಡೆದುದನ್ನು ತಿಳಿಸಿದೆ. ಅವರು ಸಜ್ಜನರು, ತಮ್ಮ ನಗೆಯೇ ಇದಕ್ಕೆಲ್ಲ ಕಾರಣವಾಯಿತೆಂದು ನೊಂದು ಉತ್ತರ ಬರೆದರು.

ಮರುದಿನ ಆಚಾರ್ರು ಬಂದು ಮೊದಲು ಬೀರುಗಳನ್ನು ಕೆಳಗಿಳಿಸಿದರು. ಅಂಚಿನ ಸಿಮೆಂಟನ್ನು, ಹಲಗೆಗೆ ಗಾಯವಾಗದ ಹಾಗೆ, ಸಣ್ಣ ಚಾಣದಿಂದ ತುಸುತುಸುವಾಗಿ ಒಡೆದು ತೆಗೆದರು. ಮೂರು ದಿವಸದ ಕೆಲಸ. ಎದ್ದ ನೆಲವನ್ನು ಮೇಲಿನಿಂದ ಬಡಿದು ಕೂರಿಸೋಣವೆಂದು ನಾನು ಅವಸರಪಟ್ಟರೆ, "ಈಗ ಬಡಿದ್ರೆ ಮುರೀತದೆ. ಜಾಗ ಕೊಟ್ಟಾಯ್ತಲ್ಲ, ತಾನೇ ಇಳೀಲಿ ಬಿಡಿ" ಎಂದರು. ಸಡಿಲಾದ ಮೊಳೆಗಳನ್ನು ಮಾತ್ರ ಕಿತ್ತು ಬಿಟ್ಟರು. ಮಳೆ ನಿಂತು, ದೀಪಾವಳಿ ಕಳೆದು, ಮಾಗಿಯ ಒಣಗಾಳಿ ಬೀಸುವ ಹೊತ್ತಿಗೆ ಉಬ್ಬು ತಾನಾಗಿ ತಗ್ಗಿತು. ಸೀಳಿದ ಎರಡು ಹಲಗೆಗಳನ್ನು ಬದಲಾಯಿಸಿ, ಉಳಿದವನ್ನು ಮತ್ತೆ ಬಿಗಿದರು. ಕೊನೆಗೆ ಮಾಘಮಾಸದಲ್ಲಿ, ಅಂದರೆ ೨೦೧೯ರಲ್ಲಿ, ಒಂದು ವರ್ಷ ತಡವಾಗಿ ಅಂಚಿನ ಕೆಲಸ ನಡೆಯಿತು. ಈ ಸಲ ಹುಡುಗನ ಜೊತೆಯಲ್ಲಿ ನಾನೂ ಕುಳಿತು ನೋಡಿದೆ.

ಅಂಚಿನ ಪಟ್ಟಿಯನ್ನು ಹಲಗೆಗೆ ಬಡಿಯಬಾರದು, ಗೋಡೆಗೆ ಬಡಿಯಬೇಕು. ಇದು ಮೊದಲ ಸೂತ್ರ. ಎರಡಕ್ಕೂ ಬಡಿದರೆ ಬಿಟ್ಟ ಸಂದು ವ್ಯರ್ಥ. ಹಲಗೆ ಸರಿದಾಗ ಪಟ್ಟಿ ಸೀಳುತ್ತದೆ. ಮಣ್ಣುಗೋಡೆಯಲ್ಲಿ ಮೊಳೆ ನಿಲ್ಲದಾದ್ದರಿಂದ ಎರಡೆರಡು ಅಡಿಗೊಂದರಂತೆ ಗೋಡೆಯಲ್ಲಿ ತೂತು ಮಾಡಿ ಮರದ ಗೂಟಗಳನ್ನು ಹೊಡೆದು, ಆ ಗೂಟಗಳಿಗೆ ಪಟ್ಟಿಯನ್ನು ಬಿಗಿದರು. ಪಟ್ಟಿ ಹಲಗೆಯ ಮೇಲೆ ಒತ್ತಿ ಕೂರದಂತೆ ನಡುವೆ ಒಂದು ದಪ್ಪ ಕಾಗದವನ್ನು ಇಟ್ಟು ಬಡಿದು, ಆಮೇಲೆ ಕಾಗದವನ್ನು ಎಳೆದು ತೆಗೆದರು. ಹಳೆಯ ಮನೆಯ ಮೂಲೆಗಳು ಮೂಲೆಮಟ್ಟಕ್ಕೆ ಸರಿಬರುವುದಿಲ್ಲ; ಎರಡು ಪಟ್ಟಿಗಳನ್ನೂ ಓರೆಯಾಗಿ ಕೊಯ್ದು ಕೂಡಿಸಿದರೆ ಬೇಸಗೆಯಲ್ಲಿ ಅಲ್ಲಿ ಬಿರುಕು ಬಿಡುತ್ತದೆ. ಆದ್ದರಿಂದ ಒಂದು ಪಟ್ಟಿಯನ್ನು ಗೋಡೆಯವರೆಗೆ ನೇರವಾಗಿ ಓಡಿಸಿ, ಇನ್ನೊಂದರ ತುದಿಯನ್ನು ಮೊದಲನೆಯದರ ಮೈಯುಬ್ಬಿಗೆ ಸರಿಯಾಗಿ ಕೆತ್ತಿ ಅದರ ಮೇಲೆ ಒರಗಿಸಿದರು. ಹಲಗೆಯ ತಲೆಯ ಭಾಗ ಅದರ ಮೈಗಿಂತ ಬೇಗ ನೀರು ಕುಡಿಯುತ್ತದೆಯಾಗಿ, ಕೊಯ್ದ ತಲೆಗಳಿಗೆಲ್ಲ ಎರಡು ಸಲ ಎಣ್ಣೆ ಕುಡಿಸಿದರು. ಕಂಬದ ಸುತ್ತ ನಾಲ್ಕು ಸಣ್ಣ ಪಟ್ಟಿಗಳ ಚೌಕಟ್ಟನ್ನು ಕಂಬಕ್ಕೇ ಕೂಡಿಸಿದರು. ಮೆಟ್ಟಿಲ ಬಾಯಿಯಲ್ಲಿ, ಕಾಲು ಸದಾ ತುಳಿಯುವೆಡೆಯಲ್ಲಿ, ದಪ್ಪ ಹಲಗೆಯೊಂದನ್ನು ಮೂಗು ಉರುಟು ಮಾಡಿ ಇಟ್ಟರು. ನೋಡುವವರಿಗೆ ಎಲ್ಲಿಯೂ ಎಡೆ ಕಾಣದು; ಒಳಗೆ ಸುತ್ತಲೂ ಎಡೆ ಇದೆ.

ಕೆಲಸ ನೋಡುತ್ತ ಕುಳಿತ ನನಗೆ ಅಂದು, ಬಾಲ್ಯದಿಂದ ಬಾಯಿಪಾಠವಾಗಿದ್ದ ಒಂದು ಪಾಠ ಹೊಸದಾಗಿ ಅರ್ಥವಾಯಿತು. ಸಂಧಿ ಎಂಬ ಶಬ್ದದ ತದ್ಭವವೇ ಸಂದು. ಸಂಸ್ಕೃತದಲ್ಲಿ ಕೂಡುವಿಕೆಯನ್ನು ಹೇಳುವ ಶಬ್ದವನ್ನು ನಮ್ಮ ಜನ ಎರಡರ ನಡುವೆ ಉಳಿದ ಎಡೆಗೂ ಬಳಸುತ್ತಾರೆ. ಬಾಗಿಲ ಸಂದಿನಲ್ಲಿ ಬೆರಳು ಸಿಕ್ಕಿತೆನ್ನುತ್ತಾರೆ, ಸಂದುಗೊಂದೆನ್ನುತ್ತಾರೆ. ಇದನ್ನು ಅರ್ಥವ್ಯತ್ಯಾಸವೆಂದು ತರಗತಿಯಲ್ಲಿ ಹೇಳಿ ಮುಂದೆ ಹೋಗುತ್ತಿದ್ದೆ. ಬಡಗಿಗೆ ಅಲ್ಲಿ ವ್ಯತ್ಯಾಸವೇ ಇಲ್ಲ. ಅವನ ಪಾಲಿಗೆ ಎಡೆಯಿಲ್ಲದ ಕೂಡಿಕೆ ಕೂಡಿಕೆಯಲ್ಲ.

ಶಾಸ್ತ್ರಕಾರರಿಗೂ ಇದು ತಿಳಿಯದ್ದೇನಲ್ಲ. ೧೩ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಸಂಧಿಯಾಗುವ ಕಡೆಗಳನ್ನು ಹೇಳಿದಂತೆಯೇ ಆಗದ ಕಡೆಗಳನ್ನೂ ಹೇಳಿದ್ದಾನೆ. ಪ್ಲುತದ ಮುಂದೆ, ಕೆಲವು ನಿಪಾತಗಳ ಮುಂದೆ ಸ್ವರ ಬಂದರೂ ಎರಡು ಸ್ವರಗಳು ತಮ್ಮ ತಮ್ಮ ರೂಪದಲ್ಲಿಯೇ ನಿಲ್ಲುತ್ತವೆ. ಅದಕ್ಕೆ ಪ್ರಕೃತಿಭಾವವೆಂದು ಹೆಸರು. ಬಾಗಿಲ ಬಳಿ ನಿಂತು ನಾನು "ಅಯ್ಯೋ, ಇದೇನು" ಎಂದೆನಲ್ಲ, ಆ ಎರಡು ಪದಗಳ ನಡುವೆ ಉಸಿರಿಗೆ ಎಡೆ ಬೇಕು. ಅಲ್ಲಿ ಸಂಧಿ ಮಾಡಿದರೆ ಸಂಕಟವೇ ಕೆಟ್ಟುಹೋಗುತ್ತದೆ. ಷಟ್ಪದಿಯಲ್ಲಿ ಮೂರನೆಯ ಮತ್ತು ಆರನೆಯ ಪಾದಗಳ ಕೊನೆಯ ಅಕ್ಷರ ಲಘುವಾಗಿದ್ದರೂ ಗುರುವೆಂದೇ ಎಣಿಸುತ್ತೇವೆ. ಒಳಗೆ ಒಂದು ಮಾತ್ರೆಯನ್ನೂ ಬಿಡದ ಛಂದಸ್ಸು ಅಂಚಿನಲ್ಲಿ ಒಂದು ಮಾತ್ರೆಯನ್ನು ಸಡಿಲಿಸುತ್ತದೆ. ಗುರುಗಳ ತಾಡವೋಲೆಗಳನ್ನು ಮತ್ತೆ ಮಹಡಿಗೇರಿಸುವಾಗ ಇನ್ನೊಂದನ್ನು ಗಮನಿಸಿದೆ. ಓಲೆಯ ಎರಡು ತುದಿಗಳಲ್ಲೂ ದಾರ ಪೋಣಿಸುವ ತೂತಿನ ಸುತ್ತಲೂ ಲಿಪಿಕಾರನು ಅಕ್ಷರ ಬರೆದಿಲ್ಲ. ಸ್ಥಳ ಉಳಿಯಿತೆಂದು ಬಿಟ್ಟದ್ದಲ್ಲ. ಅಂಚು ಮುರಿಯುತ್ತದೆ, ದಾರ ತೂತನ್ನು ಕೊರೆಯುತ್ತದೆ, ಆಗಲೂ ಅಕ್ಷರ ಉಳಿಯಲಿ ಎಂದು ಬಿಟ್ಟದ್ದು. ಇವೆಲ್ಲವನ್ನೂ ಬಲ್ಲೆನೆಂದುಕೊಂಡಿದ್ದ ನಾನೇ ಬಡಗಿ ಬಿಟ್ಟ ಅರ್ಧ ಅಂಗುಲವನ್ನು ತಪ್ಪೆಂದೆ.

ಆ ಮೇಲೆ ತರಗತಿಯಲ್ಲಿಯೂ ನನ್ನ ಪದ್ಧತಿ ಸ್ವಲ್ಪ ಬದಲಾಯಿತು. ವಿದ್ಯಾರ್ಥಿಯ ಉತ್ತರ ಸೂತ್ರಕ್ಕೆ ತಾಗಿ ನಿಲ್ಲದಿದ್ದರೆ ಕೂಡಲೇ ಕೆಂಪು ಶಾಯಿಯಿಂದ ತುಂಬುತ್ತಿದ್ದೆ. ಈಗ ಮೊದಲು, ಹೀಗೇಕೆ ಬಿಟ್ಟೆ ಎಂದು ಕೇಳುತ್ತೇನೆ. ಹತ್ತರಲ್ಲಿ ಆರು ಸಲ ಅದು ತಪ್ಪೇ ಆಗಿರುತ್ತದೆ. ಉಳಿದ ನಾಲ್ಕಕ್ಕಾಗಿ ಕೇಳುವುದು ಮೇಲು.

ಆ ಹುಡುಗ ಈಗ ಬೆಂಗಳೂರಿನಲ್ಲಿ ಮರದ ನೆಲ ಹಾಸುವ ಕೆಲಸದಲ್ಲಿದ್ದಾನೆ. ಅಲ್ಲಿ ಕಾರ್ಖಾನೆಯಲ್ಲಿ ತಯಾರಾದ, ಒತ್ತಿದರೆ ಒಂದಕ್ಕೊಂದು ಕಚ್ಚಿಕೊಳ್ಳುವ ಹಲಗೆಗಳು, ಮೊಳೆಯೇ ಇಲ್ಲ. ಆದರೂ ಗೋಡೆಯ ಗುಂಟ ಸಣ್ಣ ಬೆಣೆಗಳನ್ನಿಟ್ಟು ೮ರಿಂದ ೧೨ ಮಿಲಿಮೀಟರು ಬಿಟ್ಟು, ಕೊನೆಗೆ ಬೆಣೆ ತೆಗೆದು ಪಟ್ಟಿಯಿಂದ ಮುಚ್ಚುತ್ತಾರಂತೆ. ಮನೆಯ ಯಜಮಾನರು ಆಗಾಗ ಬಂದು, ಇದೇನು ಅಳತೆ ತಪ್ಪಿದೆಯಲ್ಲ ಎಂದು ಕೇಳುವುದುಂಟಂತೆ. "ನೀನು ಏನು ಹೇಳುತ್ತೀಯೆ?" ಎಂದು ಕೇಳಿದೆ. "ನಮ್ಮ ಮೇಷ್ಟ್ರ ಕಥೆ ಹೇಳ್ತೀನಿ ಸರ್" ಎಂದ. ನಾನು ಬೇಡವೆನ್ನಲಿಲ್ಲ.

ಆಚಾರ್ರಿಗೆ ಈಗ ಮೆಟ್ಟಿಲು ಹತ್ತಲಾಗುವುದಿಲ್ಲ. ಆದರೂ ಪ್ರತಿ ವರ್ಷ ಪುಷ್ಯ ಮಳೆಯ ಹೊತ್ತಿಗೆ ನಮ್ಮ ಜಗಲಿಗೆ ಬಂದು ಕುಳಿತು, "ಏನಾದ್ರೂ ಸದ್ದಾಯ್ತಾ ಮೇಷ್ಟ್ರೇ?" ಎಂದು ಕೇಳುತ್ತಾರೆ. ಇದುವರೆಗೆ ಆಗಿಲ್ಲವೆಂದು ಹೇಳಿ, ಅವರೊಡನೆ ಕುಳಿತು ಕಾಫಿ ಕುಡಿಯುತ್ತೇನೆ.